ತಿಪ್ಪೆಯ ಚರಿತ್ರೆ: ಬೆಂಗಳೂರಿನ ಗುಂಡಿಯಿಂದ ಕ್ಯಾಂಪ್‌ಬೆಲ್ಲಿನ ಹಿತ್ತಿಲಿಗೆ

ಕನ್ನಡದಲ್ಲಿ ತಿಪ್ಪೆಗೆ ಎರಡು ಮುಖ. ಕೊಳಕಾಗಿರುವ ಮನೆಯನ್ನು ತಿಪ್ಪೆ ಎಂದು ಬಯ್ಯುತ್ತೇವೆ. ನಡೆದ ತಪ್ಪನ್ನು ಮುಚ್ಚಿಹಾಕುವವರು ತಿಪ್ಪೆ ಸಾರಿಸುತ್ತಾರೆ ಎನ್ನುತ್ತೇವೆ. ಅದೇ ತಿಪ್ಪೆಗೆ ದೀಪಾವಳಿಯಲ್ಲಿ ನಮ್ಮ ನಾಡಿನ ಹಲವು ಕಡೆ ದೀಪವಿಟ್ಟು ಪೂಜೆ ಮಾಡುತ್ತಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಶಿ ಎಂದು ಹೆಸರಿಡುವ ಪದ್ಧತಿಯಿತ್ತು. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ಪ್ರತಿ ಫಾಲ್ಗುಣದಲ್ಲಿ ತೇರು ಎಳೆಸಿಕೊಳ್ಳುವ ಸ್ವಾಮಿಯ ಹೆಸರೇ ತಿಪ್ಪೇರುದ್ರಸ್ವಾಮಿ. ಕಸಕ್ಕೆ ಇಷ್ಟೊಂದು ಮರ್ಯಾದೆ ಕೊಟ್ಟ ಭಾಷೆ ನಮ್ಮದು.

ಕ್ಯಾಂಪ್‌ಬೆಲ್ ಮತ್ತು ಸುತ್ತಮುತ್ತ ಇರುವ ನಮ್ಮಲ್ಲಿ ಕೆಲವರು ಹಿತ್ತಿಲಲ್ಲಿ ಕಾಂಪೋಸ್ಟ್ ಮಾಡುತ್ತೇವೆ. ನಾಲ್ಕು ಜನ ಸೇರಿದಾಗ ಸಾಹಿತ್ಯದ ಮಾತು ಮುಗಿದು ಮಾತು ಅತ್ತ ತಿರುಗುವುದುಂಟು. ಆಗ ಬರುವ ಪ್ರಶ್ನೆಗಳೆಲ್ಲ ಒಂದೇ ಜಾತಿಯವು. ಹರಿದ ಪಂಚೆ ಹಾಕಬಹುದೆ? ಬಾಚಣಿಗೆಯ ಕೂದಲು? ದೇವರ ನಿರ್ಮಾಲ್ಯ? ಅಡಿಕೆ ಹಾಳೆಯ ತಟ್ಟೆ? ಇವಕ್ಕೆ ಉತ್ತರ ಹುಡುಕುತ್ತ ಹೊರಟ ನಮಗೆ ತಿಪ್ಪೆಗೆ ಒಂದು ದೊಡ್ಡ ಚರಿತ್ರೆಯೇ ಇರುವುದು ಕಂಡಿತು. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲಿ ನಡೆದಿದೆ. ಅದರ ಮುಂದಿನ ಪುಟಗಳು ಇಲ್ಲೇ, ನಮ್ಮ ಕೊಲ್ಲಿಯ ದಂಡೆಯಲ್ಲಿವೆ. ಏನು ಹಾಕಬಹುದು ಎಂಬ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಅಂಟಿಕೊಂಡಿರುವುದೂ ಕಂಡಿತು: ಅದನ್ನು ಯಾರ ಕೈ ಹಾಕಬೇಕು?

ಹಳೆಯ ತಿಪ್ಪೆಯಲ್ಲಿ ಏನಿತ್ತು?

ಊರ ಮನೆಯ ತಿಪ್ಪೆಗೆ ಬೀಳುತ್ತಿದ್ದುದನ್ನು ನೆನಪಿಸಿಕೊಂಡರೆ ಇಂದಿನ ಕಾಂಪೋಸ್ಟ್ ಕೈಪಿಡಿಗಳು ತೀರ ಮಡಿವಂತವೆನಿಸುತ್ತವೆ. ಕೊಟ್ಟಿಗೆಯ ಸಗಣಿ, ಗಂಜಲ ಕುಡಿದ ಹುಲ್ಲು, ಒಲೆಯ ಬೂದಿ, ಮನೆ ಗುಡಿಸಿದ ಕಸ, ತರಕಾರಿ ಸಿಪ್ಪೆ, ಉಂಡ ಎಲೆ ಇವು ದಿನದ ಲೆಕ್ಕ. ಸವೆದ ಪೊರಕೆ, ಹರಿದ ಚಾಪೆ, ಮುರಿದ ಬುಟ್ಟಿ, ತೂತುಬಿದ್ದ ಕಂಬಳಿ, ತಲೆ ಬಾಚಿದ ಕೂದಲು ಇವೂ ಕೊನೆಗೆ ಅಲ್ಲಿಗೇ ಸೇರುತ್ತಿದ್ದವು. ಇದು ತಿಪ್ಪೆಗೆ, ಇದು ಬೇಡ ಎಂದು ಯಾರೂ ಕುಳಿತು ಆರಿಸುತ್ತಿರಲಿಲ್ಲ. ಆರಿಸುವ ಅಗತ್ಯವೂ ಇರಲಿಲ್ಲ. ಮನೆಯೊಳಗಿನ ಬಹುಪಾಲು ವಸ್ತುಗಳು ಗಿಡದಿಂದ, ದನ ಕುರಿಯಿಂದ ಬಂದವು. ಮಡಕೆಯ ಚೂರೂ ಮಣ್ಣಿನದೇ.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಕಾಡೇ ಬೇಕಾಗಿತ್ತು. ಅಡಿಕೆ ತೋಟಕ್ಕೆ ಗೊಬ್ಬರ ಮಾಡಲು ಹಸಿ ಸೊಪ್ಪು ಮತ್ತು ಒಣಗಿದ ದರಕನ್ನು ತಂದು ಕೊಟ್ಟಿಗೆಯಲ್ಲಿ ದನದ ಕಾಲ ಕೆಳಗೆ ಹಾಸಿ, ತುಳಿದು ಸಗಣಿ ಗಂಜಲ ಹಿಡಿದ ಮೇಲೆ ಗೊಬ್ಬರಗುಂಡಿಗೆ ಎಳೆಯುತ್ತಿದ್ದರು. ಇದಕ್ಕಾಗಿಯೇ ಸರಕಾರ ಬಿಟ್ಟುಕೊಟ್ಟ ಕಾಡಿಗೆ ಸೊಪ್ಪಿನ ಬೆಟ್ಟ ಎಂದು ಹೆಸರು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಇಟ್ಟುಕೊಳ್ಳುವ ಹಕ್ಕಿತ್ತು. ಒಂದು ಎಕರೆಯನ್ನು ಸಾಕಲು ಎಷ್ಟು ಎಲೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇರೆ ಬೇಡ.

ಇಂದೋರಿನಲ್ಲಿ ಕಲಿತ ಇಂಗ್ಲಿಷಿನವನು

ಈ ಹಳ್ಳಿಯ ವಿದ್ಯೆ ಪುಸ್ತಕಕ್ಕೆ ಇಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಆಲ್ಬರ್ಟ್ ಹೊವಾರ್ಡ್ ಎಂಬ ಸಸ್ಯವಿಜ್ಞಾನಿ 1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಬಂದರು. ಭಾರತದ ರೈತರಿಗೆ ಕಲಿಸಲು ಬಂದವರು ಅವರಿಂದಲೇ ಕಲಿಯತೊಡಗಿದರು. 1924ರಲ್ಲಿ ಇಂದೋರಿನಲ್ಲಿ ಆರಂಭವಾದ ಸಸ್ಯೋದ್ಯಮ ಸಂಸ್ಥೆಯಲ್ಲಿ ಅವರೂ ಯಶವಂತ ವಾಡ್ ಎಂಬ ರಸಾಯನಶಾಸ್ತ್ರಜ್ಞರೂ ಕೂಡಿ ಒಂದು ಕ್ರಮವನ್ನು ರೂಪಿಸಿ, 1931ರಲ್ಲಿ ಪುಸ್ತಕವಾಗಿ ಹೊರತಂದರು. ಅದೇ ಇಂದೋರ್ ಪದ್ಧತಿ.

ಅದರಲ್ಲಿ ಗುಟ್ಟೇನೂ ಇಲ್ಲ. ಒಣ ಕಡ್ಡಿ ಕಸ, ಹಸಿ ಸೊಪ್ಪು, ಸಗಣಿ, ದನದ ಗಂಜಲ ಹೀರಿದ ಮಣ್ಣು, ಒಂದಿಷ್ಟು ಬೂದಿ ಇವನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಮೂರು ಸಲ ತಿರುವಿದರೆ ಮೂರು ತಿಂಗಳಿಗೆ ಗೊಬ್ಬರ. ಹತ್ತಿ ಗಿಡದ ಕಡ್ಡಿಯಂಥ ಗಟ್ಟಿ ವಸ್ತುವನ್ನು ಏನು ಮಾಡುವುದು? ಹೊವಾರ್ಡ್ ಅದನ್ನು ಗಾಡಿ ಓಡಾಡುವ ದಾರಿಯ ಮೇಲೆ ಹರಡಿಸಿಬಿಟ್ಟರು. ಗಾಡಿಯ ಗಾಲಿ, ಎತ್ತಿನ ಗೊರಸು ಅದನ್ನು ಪುಡಿಮಾಡುತ್ತಿದ್ದವು. ಕರಗದ್ದನ್ನು ಕರಗುವಂತೆ ಮಾಡುವ ಈ ಉಪಾಯವನ್ನು ಮುಂದೆ ನಮ್ಮ ಹಿತ್ತಿಲಲ್ಲೂ ಕಾಣುತ್ತೇವೆ.

ಬೆಂಗಳೂರು ಪದ್ಧತಿ

ಇಂದೋರಿನ ಕ್ರಮ ಹೊಲಕ್ಕೆ ಹೊಂದುವಂಥದು. ಪಟ್ಟಣದ ಗತಿ? ಅಲ್ಲಿ ಸಗಣಿ ಕಡಿಮೆ, ಮನುಷ್ಯರ ಮಲ ಹೆಚ್ಚು. ಒಳಚರಂಡಿ ಇಲ್ಲದ ಊರುಗಳಲ್ಲಿ ಅದು ಪ್ರತಿ ದಿನದ ಸಮಸ್ಯೆ. ಬೆಂಗಳೂರಿನಲ್ಲಿ ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕುರಿತು ಮೊದಲಿನಿಂದಲೂ ಆಸಕ್ತಿಯಿತ್ತು. ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರಿನ ಶುದ್ಧೀಕರಣದಲ್ಲಿ ಹೆಸರು ಮಾಡಿದ್ದ ಗಿಲ್ಬರ್ಟ್ ಫೌಲರ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅದೇ ಸಂಸ್ಥೆಯ ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿ 1939ರಲ್ಲಿ ರೂಪಿಸಿದ ಕ್ರಮಕ್ಕೆ ಜಗತ್ತಿನ ಪಠ್ಯಪುಸ್ತಕಗಳು ಕೊಟ್ಟಿರುವ ಹೆಸರು ಬೆಂಗಳೂರು ಪದ್ಧತಿ.

ಊರಾಚೆ ಸುಮಾರು ಒಂದು ಮೀಟರ್ ಆಳದ ಉದ್ದನೆಯ ಗುಂಡಿ ತೋಡುವುದು. ತಳಕ್ಕೆ ಬೀದಿ ಕಸದ ಒಂದು ದಪ್ಪ ಪದರ, ಅದರ ಮೇಲೆ ಮಲದ ತೆಳು ಪದರ, ಮತ್ತೆ ಕಸ, ಮತ್ತೆ ಮಲ. ಗುಂಡಿ ತುಂಬಿದ ಮೇಲೆ ಮಣ್ಣು ಮುಚ್ಚಿ ನಾಲ್ಕೈದು ತಿಂಗಳು ಬಿಟ್ಟುಬಿಡುವುದು. ಮೊದಲ ಕೆಲವು ದಿನ ಒಳಗಿರುವ ಗಾಳಿಯ ಬಲದಿಂದ ರಾಶಿ ಕಾವೇರುತ್ತದೆ; ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಮಾಗುತ್ತದೆ. ಇಂದೋರಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ, ಆದರೆ ಸಾರಜನಕದ ನಷ್ಟ ಕಡಿಮೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮಧ್ಯದಲ್ಲಿ ರಾಶಿಯನ್ನು ತಿರುವುವ ಕೆಲಸವಿಲ್ಲ. ಇನ್ನೂ ಮಾಗದ ಮಲವನ್ನು ಮತ್ತೆ ಮತ್ತೆ ಸಲಿಕೆಯಲ್ಲಿ ಎತ್ತಿಹಾಕಬೇಕಾಗಿಲ್ಲ. 1940ರ ದಶಕದಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿ ನಡೆದಾಗ ಪಟ್ಟಣಗಳ ಕಸದಿಂದ ಗೊಬ್ಬರ ಮಾಡುವ ಯೋಜನೆ ದೇಶದಲ್ಲೆಲ್ಲ ಹಬ್ಬಿತು.

ಹೊತ್ತವರು ಯಾರು?

ಪಠ್ಯಪುಸ್ತಕದ ಚಿತ್ರದಲ್ಲಿ ಗುಂಡಿ ಇದೆ, ಪದರಗಳಿವೆ, ಅಳತೆ ಇದೆ. ಗುಂಡಿಯವರೆಗೆ ಅದನ್ನು ತಂದವರ ಚಿತ್ರವಿಲ್ಲ. ಮನೆಗಳ ಹಿಂದಿನ ಒಣ ಪಾಯಿಖಾನೆಗಳಿಂದ ಮಲವನ್ನು ಬಳಿದು, ಬುಟ್ಟಿ ಡಬ್ಬಗಳಲ್ಲಿ ತುಂಬಿ, ತಲೆಯ ಮೇಲೆ ಹೊತ್ತವರು ಇಂಥ ಜಾತಿಯವರೇ ಎಂದು ಮೊದಲೇ ಗೊತ್ತಾಗಿತ್ತು. ಮಳೆಗಾಲದಲ್ಲಿ ಅದು ಮೈಮೇಲೆ ಸೋರುತ್ತಿತ್ತು. ಕುವೆಂಪು ಅವರ 'ಜಲಗಾರ' ನಾಟಕ ಬಂದದ್ದು 1928ರಲ್ಲಿ, ಆಚಾರ್ಯರ ಪ್ರಯೋಗಕ್ಕೆ ಹನ್ನೊಂದು ವರ್ಷ ಮೊದಲು. ಬೀದಿ ಗುಡಿಸುವವನಿಗೆ ಶಿವನು ಜಲಗಾರನ ವೇಷದಲ್ಲೇ ಕಾಣಿಸಿಕೊಳ್ಳುವ ಆ ನಾಟಕವನ್ನು ನಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿ ಆಡಿದ್ದೇವೆ, ನೋಡಿದ್ದೇವೆ. ಪೊರಕೆ ಹಿಡಿದ ಪಾತ್ರಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಬಂದ ಮೇಲೆ ನಮ್ಮ ಹಿತ್ತಿಲ ಬಾಗಿಲಿಗೆ ಬರುವವರ ಹೆಸರು ಕೇಳಿದವರು ಎಷ್ಟು ಜನ?

1970ರ ದಶಕದ ಮೊದಲಲ್ಲಿ, ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಸಾಹಿತ್ಯದ ಓದುಗರಾದ ನಾವು ಅವರ ಹೆಸರನ್ನು ಬೇರೊಂದು ಕಾರಣಕ್ಕೆ ನೆನಪಿಟ್ಟುಕೊಂಡಿದ್ದೇವೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತಾಡಿದರು. ಗಲಭೆಯೆದ್ದು, ಕೊನೆಗೆ ಮಂತ್ರಿ ಪದವಿ ಬಿಡಬೇಕಾಯಿತು. ದಲಿತ ಸಂಘರ್ಷ ಸಮಿತಿ ಹುಟ್ಟುವುದಕ್ಕೆ ಆ ಗಲಾಟೆ ಒಂದು ಕಾರಣವಾಯಿತು. ಬೂಸಾ ಎಂಬ ಒಂದು ಪದಕ್ಕೆ ಬೀದಿಗಿಳಿದ ನಾಡು, ತಲೆಯ ಮೇಲಿನ ಬುಟ್ಟಿ ಇಳಿಸಿದ ಆಜ್ಞೆಯನ್ನು ಅಷ್ಟೇ ಜೋರಾಗಿ ನೆನೆಯಲಿಲ್ಲ. ಸಾಹಿತ್ಯ ಗೋಷ್ಠಿಗಳಲ್ಲಿ ಇದನ್ನು ಒಮ್ಮೆ ಹೇಳಿಕೊಳ್ಳುವುದು ಒಳ್ಳೆಯದು.

ಆಜ್ಞೆಯಿಂದ ಎಲ್ಲವೂ ಮುಗಿಯಲಿಲ್ಲ. ಕೇಂದ್ರ ಸರಕಾರದ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ನಡುವೆ, 2010ರ ಜುಲೈ ತಿಂಗಳಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ವೃತ್ತಿಯ ಸಮುದಾಯದವರು ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಅದನ್ನು ಪತ್ರಿಕೆಯಲ್ಲಿ ಓದಿದವರು ಯಾರೂ ಮರೆತಿರಲಾರರು.

ಕಡಲು ದಾಟಿದ ತಿಪ್ಪೆ

ಅತ್ತ ಅಮೆರಿಕದಲ್ಲಿ ಹೊವಾರ್ಡರ ಬರಹ ಓದಿ ಪ್ರೇರಿತರಾದವರು ಪೆನ್ಸಿಲ್ವೇನಿಯಾದ ಜೆ. ಐ. ರೋಡೇಲ್. ಅವರು 1942ರಲ್ಲಿ ಆರಂಭಿಸಿದ ಸಾವಯವ ಕೃಷಿಯ ಪತ್ರಿಕೆಯಿಂದ ಹಿತ್ತಿಲ ಕಾಂಪೋಸ್ಟ್ ಈ ದೇಶದ ಮನೆಮಾತಾಯಿತು. ನಮ್ಮ ಕೊಲ್ಲಿ ಪ್ರದೇಶಕ್ಕೆ ಬಂದ ದಾರಿ ಮಾತ್ರ ಬೇರೆ. 1950ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಂಜಿನಿಯರುಗಳು ಪಟ್ಟಣದ ಕಸದ ಮೇಲೆ ಪ್ರಯೋಗ ನಡೆಸಿದರು. ಅವರಲ್ಲಿ ಹೆರಾಲ್ಡ್ ಗೊಟಾಸ್ ಎಂಬವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಕಾಂಪೋಸ್ಟ್ ಗ್ರಂಥ 1956ರಲ್ಲಿ ಜಿನೀವಾದಲ್ಲಿ ಅಚ್ಚಾಯಿತು. ಅದರಲ್ಲಿ ಇಂದೋರ್ ಮತ್ತು ಬೆಂಗಳೂರು ಪದ್ಧತಿಗಳೆರಡರ ವಿವರವೂ ಇದೆ. ನಾವು ಯಾರೂ ಇಲ್ಲಿ ಮನೆ ಮಾಡುವ ಮೊದಲೇ ಬೆಂಗಳೂರಿನ ತಿಪ್ಪೆಗುಂಡಿ ಬರ್ಕ್ಲಿಗೆ ಬಂದು ನೆಲೆಸಿತ್ತು ಎಂಬುದು ನಮಗೆ ಖುಷಿ ಕೊಟ್ಟ ಸಂಗತಿ.

ಮುಂದೆ ಅದೇ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ರಾಬರ್ಟ್ ರಾಬಿ ಮನೆಯ ತೋಟಕ್ಕೆ ಒಗ್ಗುವ ವೇಗದ ಕ್ರಮವನ್ನು ಪ್ರಚಾರ ಮಾಡಿದರು. ಕಸವನ್ನು ಒಂದಿಂಚಿನ ಆಸುಪಾಸಿಗೆ ಕತ್ತರಿಸಿ, ಉದ್ದ, ಅಗಲ, ಎತ್ತರ ಮೂರೂ ಮೂರಡಿಗೆ ಕಡಿಮೆಯಿಲ್ಲದಂತೆ ರಾಶಿ ಹಾಕಿ, ದಿನವೂ ತಿರುವಿದರೆ ಎರಡು ಮೂರು ವಾರದಲ್ಲಿ ಗೊಬ್ಬರ. ಇನ್ನೊಂದು ಕಡೆ, ಕ್ಯಾಂಪ್‌ಬೆಲ್ಲಿನ ಮೂಲಕವೇ ಹಾದುಹೋಗುವ ಹೆದ್ದಾರಿ 17ರಲ್ಲಿ ಗುಡ್ಡ ಇಳಿದರೆ ಸಿಗುವ ಸಾಂತಾ ಕ್ರೂಜ಼್‌ನಲ್ಲಿ, 1967ರಲ್ಲಿ ಆಲನ್ ಚಾಡ್ವಿಕ್ ಎಂಬ ಇಂಗ್ಲಿಷ್ ತೋಟಗಾರ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಡಿದಾದ ಇಳಿಜಾರಿನಲ್ಲಿ ಕೈಗುದ್ದಲಿಯಿಂದಲೇ ತೋಟ ಎಬ್ಬಿಸಿದರು. ಅದು ಈಗಲೂ ಇದೆ.

ಕ್ಯಾಂಪ್‌ಬೆಲ್ಲಿನ ನೆಲಕ್ಕೂ ಇಂಥದೊಂದು ಕತೆಯಿದೆ. ಬೆಂಜಮಿನ್ ಕ್ಯಾಂಪ್‌ಬೆಲ್ 1851ರಲ್ಲಿ ಕೊಂಡ 160 ಎಕರೆಯಲ್ಲಿ ಮೊದಲು ಬೆಳೆದದ್ದು ಹುಲ್ಲು ಮತ್ತು ಕಾಳು. ಆಮೇಲೆ ಸುತ್ತಲೂ ಪ್ರೂನ್, ಏಪ್ರಿಕಾಟ್ ತೋಟಗಳೆದ್ದು, ಹಣ್ಣು ಒಣಗಿಸುವ ಅಂಗಳಗಳೂ ಡಬ್ಬಿ ತುಂಬುವ ಕಾರ್ಖಾನೆಗಳೂ ಬಂದು, ಊರಿಗೆ 'ಆರ್ಚರ್ಡ್ ಸಿಟಿ' ಎಂಬ ಹೆಸರಾಯಿತು. 1952ರಲ್ಲಿ ನಗರವಾದ ಊರಿನಲ್ಲಿ ತೋಟಗಳು ಒಂದೊಂದಾಗಿ ಮನೆ, ಆಫೀಸುಗಳಾದವು. ಇವತ್ತು ಪ್ರೂನ್‌ಯಾರ್ಡ್ ಎಂದರೆ ಅಂಗಡಿಗಳ ಸಮುಚ್ಚಯ. ತಿಪ್ಪೆ ಹೋಗಿ ಉಪ್ಪರಿಗೆ ಆಗುವ ಗಾದೆ ಇಲ್ಲಿ ಕಣ್ಣೆದುರಿಗೇ ನಡೆದುಹೋಗಿದೆ. ಹಿತ್ತಿಲ ಮೂಲೆಯಲ್ಲಿ ಗೊಬ್ಬರ ಮಾಡುವ ನಾವು ಹಣ್ಣಿನ ತೋಟವಾಗಿದ್ದ ಮಣ್ಣಿಗೆ ಬಡ್ಡಿ ಕಟ್ಟುತ್ತಿದ್ದೇವೆ ಎಂದುಕೊಳ್ಳಬಹುದು.

ನಮ್ಮ ಹಿತ್ತಿಲ ಪಟ್ಟಿ

ಈಗ ಮೊದಲಿನ ಪ್ರಶ್ನೆಗಳಿಗೆ ಬರೋಣ. ಹಳೆಯ ತಿಪ್ಪೆಗೂ ನಮ್ಮ ಮನೆಯ ಕಸಕ್ಕೂ ನಡುವೆ ಪ್ಲಾಸ್ಟಿಕ್ ಬಂದು ಕುಳಿತಿದೆ. ಹಿಂದಿನವರು ಆರಿಸದೆ ಹಾಕುತ್ತಿದ್ದುದನ್ನು ನಾವು ಕನ್ನಡಕ ಹಾಕಿಕೊಂಡು ಆರಿಸಬೇಕಾಗಿದೆ.

ಕೂದಲು ಮತ್ತು ಉಗುರು: ಧಾರಾಳವಾಗಿ ಹಾಕಬಹುದು. ಕೂದಲಿನ ತೂಕದಲ್ಲಿ ಶೇಕಡಾ 15ರಷ್ಟು ಸಾರಜನಕವೇ ಇದೆ. ಆದರೆ ಅದು ಬಹಳ ನಿಧಾನವಾಗಿ ಕರಗುತ್ತದೆ. ಉಂಡೆಯಾಗಿ ಹಾಕಿದರೆ ವರ್ಷವಾದರೂ ಉಂಡೆಯಾಗಿಯೇ ಸಿಗುತ್ತದೆ. ಬಿಡಿಸಿ ತೆಳ್ಳಗೆ ಹರಡಬೇಕು.

ಹಳೆಯ ಬಟ್ಟೆ: ಅಪ್ಪಟ ಹತ್ತಿಯ ಪಂಚೆ, ಟವೆಲು, ಒರಸುವ ಬಟ್ಟೆಗಳನ್ನು ಚೂರು ಮಾಡಿ ಹಾಕಿದರೆ ಒಣ ಎಲೆಯ ಹಾಗೆಯೇ ಕೆಲಸ ಮಾಡುತ್ತವೆ. ಗುಂಡಿ, ಎಲಾಸ್ಟಿಕ್, ಜರಿ ಅಂಚು ಕತ್ತರಿಸಿ ತೆಗೆಯಬೇಕು. ಹೊಲಿಗೆಯ ದಾರ ಬಹುಮಟ್ಟಿಗೆ ಪಾಲಿಯೆಸ್ಟರ್. ಬಟ್ಟೆ ಕರಗಿದ ಮೇಲೆ ಜೇಡರ ಬಲೆಯಂತೆ ಉಳಿಯುವುದು ಅದೇ. ಮಿಶ್ರ ನೂಲಿನ ಬಟ್ಟೆ ಬೇಡವೇ ಬೇಡ. ಉಣ್ಣೆಯ ಕಂಬಳಿ ಕೂದಲಿನ ಸಂಬಂಧಿ, ಅದೇ ನಿಯಮ.

ತೆಂಗಿನ ಸಿಪ್ಪೆ, ಗರಟೆ, ಮಾವಿನ ವಾಟೆ: ನಮ್ಮ ಅಡುಗೆಮನೆಯ ಹತ್ತಿಕಡ್ಡಿಗಳು ಇವು. ಇಲ್ಲಿ ಎತ್ತಿನ ಗಾಡಿ ಇಲ್ಲವಾದ್ದರಿಂದ ಸುತ್ತಿಗೆಯೇ ಗತಿ. ನಾರನ್ನು ಬಿಡಿಸಿ ಹಾಕಿದರೆ ರಾಶಿಯೊಳಗೆ ಗಾಳಿಯಾಡುತ್ತದೆ, ತೇವವೂ ನಿಲ್ಲುತ್ತದೆ. ಒಡೆದ ಗರಟೆ ಒಂದೆರಡು ವರ್ಷ ರಾಶಿಯಿಂದ ರಾಶಿಗೆ ಪ್ರಯಾಣ ಮಾಡುತ್ತದೆ, ಮಾಡಲಿ ಬಿಡಿ.

ಕಾಫಿ ಚರಟ, ಟೀ ಚೀಲ: ಫಿಲ್ಟರಿನ ಚರಟಕ್ಕಿಂತ ಒಳ್ಳೆಯ ಸರಕಿಲ್ಲ. ಬಣ್ಣ ಕಂದಾದರೂ ಗುಣದಲ್ಲಿ ಅದು ಹಸಿ ಸೊಪ್ಪಿನ ಸಾಲಿಗೆ ಸೇರುತ್ತದೆ. ಟೀ ಚೀಲಗಳಲ್ಲಿ ಎಷ್ಟೋ ಪ್ಲಾಸ್ಟಿಕ್ ಎಳೆಯಿಂದ ಅಂಟಿಸಿದವು. ಹರಿದು ಸೊಪ್ಪನ್ನಷ್ಟೇ ಸುರಿಯಬೇಕು.

ನಿರ್ಮಾಲ್ಯ: ಹೂವಿಗೆ ತೊಂದರೆಯಿಲ್ಲ, ದಾರವನ್ನು ನೋಡಬೇಕು. ಊರಿನಲ್ಲಿ ಬಾಳೆ ನಾರಿನಲ್ಲಿ ಕಟ್ಟುತ್ತಿದ್ದ ಮಾಲೆ ಈಗ ನೈಲಾನ್ ದಾರದಲ್ಲಿ ಬಂದರೆ ಬಿಡಿಸಿಯೇ ಹಾಕಬೇಕು. ಹೋಮದ ಬೂದಿ ಒಂದು ಹಿಡಿ ಸಾಕು. ಅದು ಕ್ಷಾರ, ಹೆಚ್ಚಾದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ.

ಊಟದ ತಟ್ಟೆಗಳು: ಯುಗಾದಿ ಊಟದ ಬಾಳೆ ಎಲೆ ಮತ್ತು ಅಡಿಕೆ ಹಾಳೆಯ ತಟ್ಟೆ ಎರಡೂ ನಮ್ಮ ಬಂಧುಗಳು. ಹಾಳೆ ತಟ್ಟೆಯನ್ನು ನೆನೆಸಿ ಹರಿದು ಹಾಕಬೇಕು. 'ಕಾಂಪೋಸ್ಟಬಲ್' ಎಂದು ಬರೆದ ಪ್ಲಾಸ್ಟಿಕ್ಕಿನಂಥ ಚಮಚ ಮನೆಯ ರಾಶಿಯಲ್ಲಿ ಕರಗುವುದಿಲ್ಲ. ಅದಕ್ಕೆ ಕಾರ್ಖಾನೆಯ ಕಾವು ಬೇಕು. ಎಣ್ಣೆ ಹೀರದ ಕಾಗದದ ತಟ್ಟೆಗಳಲ್ಲಿ ಬಳಸುತ್ತಿದ್ದ ಪಿಎಫ್‌ಎಎಸ್ ಎಂಬ ಎಂದೂ ಕರಗದ ರಾಸಾಯನಿಕಗಳನ್ನು ಕ್ಯಾಲಿಫೋರ್ನಿಯಾ 2023ರಿಂದ ಆಹಾರದ ಕಾಗದ ಪೊಟ್ಟಣಗಳಲ್ಲಿ ನಿಷೇಧಿಸಿದೆ. ಹಳೆಯ ದಾಸ್ತಾನು ಮನೆಯಲ್ಲಿದ್ದರೆ ಅದು ತಿಪ್ಪೆಗೆ ಬೇಡ.

ಬೇಡವಾದವು: ಅಂಗಡಿಯ ನುಣುಪು ರಶೀದಿಗಳಲ್ಲಿ ಬಿಸ್ಫೆನಾಲ್ ಜಾತಿಯ ರಾಸಾಯನಿಕವಿರುತ್ತದೆ. ವ್ಯಾಕ್ಯೂಮ್ ಮಾಡಿದ ಧೂಳಿನಲ್ಲಿ ಕಾರ್ಪೆಟ್ಟಿನ ಕೃತಕ ಎಳೆಗಳೇ ಹೆಚ್ಚು. ಉಳಿದ ಮೊಸರನ್ನ, ಒಗ್ಗರಣೆಯ ಪಲ್ಯ ತೆರೆದ ರಾಶಿಗೆ ಬಿದ್ದರೆ ಇಲಿಗಳಿಗೆ ಆಮಂತ್ರಣ.

ಇನ್ನೆರಡು ಮಾತು. ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಎಂಬುದು ಎಲ್ಲರೂ ಒಪ್ಪಿದ ಲೆಕ್ಕ. ಮನೆಯ ಮಟ್ಟಿಗೆ ಒಂದು ಬುಟ್ಟಿ ಹಸಿಗೆ ಒಂದೆರಡು ಬುಟ್ಟಿ ಒಣ ಎಲೆ ಅಥವಾ ಹರಿದ ರಟ್ಟು ಎಂದುಕೊಂಡರೆ ಸಾಕು. ಎರಡನೆಯದು ನೀರು. ಬೆಂಗಳೂರಿನ ರಾಶಿಗೆ ಮಳೆ ತಾನಾಗಿ ಬರುತ್ತದೆ. ಇಲ್ಲಿ ಮೇ ತಿಂಗಳಿಂದ ಅಕ್ಟೋಬರಿನವರೆಗೆ ಹನಿ ಬೀಳುವುದು ಅಪರೂಪ. ಅಕ್ಕಿ, ತರಕಾರಿ ತೊಳೆದ ನೀರನ್ನು ರಾಶಿಗೆ ಸುರಿಯುವುದು ಬರಗಾಲದ ವರ್ಷಗಳಲ್ಲಿ ನಾವು ಕಲಿತ ಪಾಠ.

ಹಸಿರು ಡಬ್ಬದ ಆಚೆ

ಇಷ್ಟೆಲ್ಲ ಯಾಕೆ, ಹಸಿರು ಡಬ್ಬಕ್ಕೆ ಹಾಕಿದರೆ ತೆಗೆದುಕೊಂಡು ಹೋಗುತ್ತಾರಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1989ರ ಕಾನೂನು, ಎಬಿ 939, 2000ನೆಯ ಇಸವಿಯೊಳಗೆ ಅರ್ಧ ಕಸವನ್ನು ಹೂಳುಗುಂಡಿಯಿಂದ ತಪ್ಪಿಸಬೇಕೆಂದು ಊರುಗಳಿಗೆ ಹೇಳಿತು. 2016ರಲ್ಲಿ ಸಹಿಯಾಗಿ 2022ರ ಜನವರಿಯಿಂದ ಜಾರಿಗೆ ಬಂದ ಎಸ್‌ಬಿ 1383 ಅಡುಗೆಮನೆಯ ಕಸವನ್ನೂ ಬೇರೆ ಮಾಡಬೇಕೆಂದಿತು. ಕ್ಯಾಲಿಫೋರ್ನಿಯಾದಲ್ಲಿ ಹೂಳುಗುಂಡಿಗೆ ಹೋಗುವುದರಲ್ಲಿ ಅರ್ಧದಷ್ಟು ಕೊಳೆಯುವ ಕಸ. ಅದು ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ಬೆಂಗಳೂರು 1975ರಲ್ಲೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಕಂಡಿತ್ತು. ಆದರೂ ಆರಿಸದ ಕಸ ಮಾವಳ್ಳಿಪುರದ ಜನರ ಬಾಗಿಲಿಗೆ ಬಂದು ಬಿತ್ತು. ಅವರು ತಿರುಗಿ ನಿಂತಾಗ 2012ರಲ್ಲಿ ನಗರದ ಬೀದಿಗಳಲ್ಲೇ ಕಸ ರಾಶಿಯಾಯಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು 'ಎರಡು ಡಬ್ಬ, ಒಂದು ಚೀಲ' ಎಂದು ಮನೆಮನೆಗೂ ಹೇಳಬೇಕಾಗಿ ಬಂತು. ಅಷ್ಟು ಹೊತ್ತಿಗೆ 2006ರಲ್ಲಿ ಆರಂಭವಾದ ಡೈಲಿ ಡಂಪ್‌ನವರ ಮಣ್ಣಿನ ಕಂಬಗಳು ಎಷ್ಟೋ ಬಾಲ್ಕನಿಗಳಲ್ಲಿ ನಿಂತಿದ್ದವು.

ಹಸಿರು ಡಬ್ಬ ಒಳ್ಳೆಯದೇ. ನಮ್ಮ ರಾಶಿಗೆ ಬೇಡವಾದ ಊಟದ ಕಸವನ್ನು ನಾವೂ ಅದಕ್ಕೇ ಹಾಕುತ್ತೇವೆ. ಆದರೆ ಮುಚ್ಚಳ ಮುಚ್ಚಿದ ಮೇಲೆ ಕೆಲಸ ಮುಗಿಯುವುದಿಲ್ಲ, ಇನ್ನೊಬ್ಬರಿಗೆ ಶುರುವಾಗುತ್ತದೆ. ನಾವು ತಪ್ಪಿ ಹಾಕಿದ ಪ್ಲಾಸ್ಟಿಕ್ ಚೀಲವನ್ನು ಎಷ್ಟೋ ಘಟಕಗಳಲ್ಲಿ ಓಡುವ ಪಟ್ಟಿಯ ಪಕ್ಕ ನಿಂತ ಕೆಲಸಗಾರರು ಕೈಯಿಂದಲೇ ಹೆಕ್ಕುತ್ತಾರೆ. ಬೆಂಗಳೂರಿನಲ್ಲಿ ಅವರ ಹೆಸರು ಪೌರಕಾರ್ಮಿಕರು, ಇಲ್ಲಿ ಬೇರೇನೋ. ಹಾರದ ದಾರ ಬಿಡಿಸುವುದು, ಪಂಚೆಯ ಅಂಚು ಕತ್ತರಿಸುವುದು, ಗರಟೆ ಒಡೆಯುವುದು ಇವೆಲ್ಲ ಸಣ್ಣ ಕೆಲಸಗಳು. ಮನೆಯವರೇ ಮಾಡಿದಷ್ಟೂ ಇನ್ನೊಬ್ಬರ ಕೈಗೆ ಹೋಗುವ ಹೊಲಸು ಕಡಿಮೆಯಾಗುತ್ತದೆ. ನಮ್ಮ ಹಿರಿಯರು ತಿಪ್ಪೆಗೆ ದೀಪವಿಟ್ಟರು. ತಿಪ್ಪೆಗೆ ಹೊತ್ತವರಿಗೆ ಇಡಲಿಲ್ಲ. ಆ ಬಾಕಿ ನಮ್ಮ ಮೇಲಿದೆ.

ಈ ದೀಪಾವಳಿಗೆ ಕ್ಯಾಂಪ್‌ಬೆಲ್ಲಿನ ನಮ್ಮ ಹಿತ್ತಿಲುಗಳಲ್ಲಿ ರಾಶಿಯ ಪಕ್ಕ ಒಂದೊಂದು ಹಣತೆ ಇಡೋಣ ಎಂದುಕೊಂಡಿದ್ದೇವೆ. ಒಣ ಎಲೆಯಿಂದ ಸ್ವಲ್ಪ ದೂರದಲ್ಲಿ, ಬೆಂಕಿಯ ಕಾಲ ಅದು. ಮಕ್ಕಳು ಯಾಕೆ ಎಂದು ಕೇಳಿದರೆ, ಹೇಳಲು ಈಗ ಒಂದು ಕತೆಯಿದೆ.